ಅಕ್ಕನ ಕಥೆಗೆ ವಯಸ್ಕರ ಮುದ್ರೆ

ಅರವತ್ತು ದಾಟಿದ ನನ್ನ ಅಕ್ಕ ತನ್ನ ಮೊಮ್ಮಗಳಿಗಾಗಿ ಹೇಳಿದ ಕಥೆಯೊಂದನ್ನು ಮಕ್ಕಳು ಕೇಳತಕ್ಕದ್ದಲ್ಲ ಎಂದು ಅಹಮದಾಬಾದಿನ ಒಂದು ಸಭೆ ತೀರ್ಮಾನಿಸಿತು. ಸಭೆಯಲ್ಲಿದ್ದವರೆಲ್ಲ ಗಂಡಸರು, ಎಲ್ಲರೂ ಓದಿಕೊಂಡವರು, ಎಲ್ಲರೂ ಹೊಟ್ಟೆ ತುಂಬ ಗುಜರಾತಿ ತಿಂಡಿ ಖಮಣ ತಿಂದು ಕೂತವರು. ಆ ತೀರ್ಮಾನವನ್ನು ಕೈಯಾರೆ ಟೈಪು ಮಾಡಿದವನು ನಾನು. ಈಗಲೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ. ಬಿ.ಪಿ. ಏರಿರಬಹುದೇ ಎಂದು ಹೆದರಿ ಒಮ್ಮೆ ಯಂತ್ರ ಕಟ್ಟಿಕೊಂಡೂ ನೋಡಿದೆ. ಬಿ.ಪಿ. ಸರಿಯಾಗಿತ್ತು. ಬರೀ ಸಿಟ್ಟು.

ಅಕ್ಕ, ಭಾವ ಇರುವುದು ವಡೋದರಾದಲ್ಲಿ. ಅವರ ಮಗ ಸೂರತ್ತಿನ ಪಾಂಡೇಸರಾದಲ್ಲಿ ಸೀರೆಗಳಿಗೆ ಬಣ್ಣ ಹಾಕುವ ಮಿಲ್ಲೊಂದರ ಮ್ಯಾನೇಜರು. ಸೊಸೆ ಸೂರತ್ತಿನವಳೇ, ಗುಜರಾತಿ. ಅವರಿಗೊಬ್ಬಳು ಮಗಳು, ಒಂದನೆಯ ತರಗತಿ. ಹುಡುಗಿ ಆಡುವುದು ಗುಜರಾತಿ, ಬರೆಯುವುದು ಇಂಗ್ಲಿಷ್, ಹಟ ಮಾಡುವುದು ಹಿಂದಿಯಲ್ಲಿ. ಕನ್ನಡ ಕೇಳಿದರೆ ಮುಕ್ಕಾಲು ತಿಳಿಯುತ್ತದೆ, ಯಾಕೆಂದರೆ ಅವಳಪ್ಪನಿಗೆ ಸಿಟ್ಟು ಬರುವುದು ಕನ್ನಡದಲ್ಲೇ. ಆದರೆ ಬಾಯಿಂದ ಹೊರಡುತ್ತಿದ್ದದ್ದು ‘ಬಾ’, ‘ಹಾಲು’, ‘ಬ್ಯಾಡ’ ಇಷ್ಟೇ, ಅದರಲ್ಲೂ ಕೊನೆಯದೇ ಹೆಚ್ಚು. ಅಕ್ಕ ಫೋನು ಮಾಡಿದರೆ “ಅಜ್ಜಿ, ಕೇಮ್ ಛೋ? ಆವ್‌ಜೋ!” ಎಂದು ಕ್ಷೇಮ ವಿಚಾರಣೆ ಮತ್ತು ವಿದಾಯವನ್ನು ಒಂದೇ ಉಸಿರಿನಲ್ಲಿ ಮುಗಿಸಿ ಓಡಿಬಿಡುತ್ತಿದ್ದಳು.

ಹೀಗೆ ಓಡುವವಳು ಸಂಜೆ ಮಾತ್ರ ಮಿಸುಕದೆ ಕೂರುತ್ತಿದ್ದಳು. ಅವಳದೊಂದು ಟ್ಯಾಬ್ಲೆಟ್ಟು ಇದೆ. ಅದರಲ್ಲಿ ಮಕ್ಕಳ ಪಾಡ್‌ಕಾಸ್ಟುಗಳ ಚಿತ್ರಗಳು ಸಾಲಾಗಿ ಬರುತ್ತವೆ. ತನಗೆ ಬೇಕಾದ ಚಿತ್ರವನ್ನು ಮುಟ್ಟಿದರೆ ಯಾವುದೋ ದೇಶದ ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಕಥೆ ಹೇಳತೊಡಗುತ್ತಾಳೆ. ಉತ್ತರಾಯಣದ ಗಾಳಿಪಟದ ಹಬ್ಬಕ್ಕೆ ಸೂರತ್ತಿಗೆ ಹೋಗಿದ್ದ ಅಕ್ಕ ಇದನ್ನು ಪಕ್ಕದಲ್ಲಿ ಕೂತು ನೋಡಿ ಬಂದಳು. ಬಂದವಳೇ ನನಗೆ ಫೋನು ಹಚ್ಚಿದಳು.

“ಅಲ್ಲೋ ತಮ್ಮಾ, ಆ ಬಾಯಿ ಯಾರೋ ಏನೋ! ನಮ್ಮನಿ ಕೂಸಿಗೆ ದಿನಾ ಸಂಜಿಗೆ ಕಥಿ ಹೇಳ್ತಾಳ. ಆಕಿ ಕೂತ ಜಾಗಾ ನಂದು. ನನ್ನೂ ಆ ಡಬ್ಬಿಯೊಳಗ ಹಾಕು.”

“ಅಕ್ಕಾ, ಕಥಿ ಹೇಳಿ ವಾಟ್ಸಾಪ್‌ನ್ಯಾಗ ಕಳಸಿಬಿಡು. ಸಾಕಾಗ್ತದ.”

“ಕಳಸಿದ್ನಲ್ಲ! ಸೊಸಿ ಫೋನಿನ್ಯಾಗ ಸಾಲಿ ಗ್ರೂಪಿನ ಕೆಳಗ ಬಿದ್ದಾವ. ‘ಅಜ್ಜಿ ಕಥಿ ಕೇಳಬೇ’ ಅಂತ ಕೂಸಿನ್ನ ಹಿಡಿದು ಕೂಡ್ರಿಸಿದ್ರ ಅದು ಶಿಕ್ಷಾ ಆಗ್ತದ. ಆಕಿ ತಾನಾಗಿ ನನ್ನ ಮುಟ್ಟಬೇಕು. ಆ ಸಾಲಿನ್ಯಾಗ ನಾನೂ ಇರಬೇಕು, ಆಕಿ ಬೆರಳು ನನ್ನ ಮ್ಯಾಲೆ ಬರಬೇಕು. ಅಷ್ಟ ಬೇಕು ನನಗ.”

ಅಕ್ಕ ಜೀವನದಲ್ಲಿ ನನ್ನಿಂದ ಕೇಳಿದ್ದು ಕಡಿಮೆ. ನಾನು ಅಹಮದಾಬಾದಿನ ಸರಕಾರಿ ಸಂಶೋಧನಾ ಸಂಸ್ಥೆಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂದಲು ಉದುರಿಸಿಕೊಂಡವನು. ಇದೇನು ಮಹಾ ಎಂದುಕೊಂಡು ಮೈಕು ತೆಗೆದುಕೊಂಡು ವಡೋದರಾಕ್ಕೆ ಹೋದೆ. ಮೇ ತಿಂಗಳು. ಗಾಳಿಯ ಸದ್ದು ಬರಬಾರದೆಂದು ಫ್ಯಾನು ಆರಿಸಿ ಕಿಟಕಿ ಮುಚ್ಚಿದೆವು. ಭಾವ ಬನಿಯನ್ನಿನಲ್ಲಿ ಬಾಗಿಲು ಕಾದರು. ಅಕ್ಕ ಬೆವರು ಒರೆಸಿಕೊಳ್ಳುತ್ತ ಕಥೆ ಹೇಳಿದಳು.

ಕಥೆ ಇಷ್ಟು. ಒಬ್ಬ ಮುದುಕಿ. ಒಬ್ಬಳೇ ಇರುತ್ತಾಳೆ. ಒಂದು ದಿನ ಹುರಳಿಕಾಳಿನ ಉಸುಳಿ ರುಚಿಯಾಯಿತೆಂದು ಬೋಗುಣಿಗಟ್ಟಲೆ ತಿಂದು ಮಲಗುತ್ತಾಳೆ. ಊರೆಲ್ಲ ದೋಚಿಕೊಂಡು ಬಂದ ಕಳ್ಳ ಕೊನೆಗೆ ಇವಳ ಮನೆಗೆ ನುಗ್ಗುತ್ತಾನೆ. ಅವನು ಗಡಿಗೆಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಮುದುಕಿ ನಿದ್ದೆಯಲ್ಲೇ ಒಂದು ಹೂಸು ಬಿಡುತ್ತಾಳೆ. ಕಳ್ಳ ಅದನ್ನು ಬಂದೂಕಿನ ಸದ್ದೆಂದುಕೊಂಡು ಮೂಟೆ ಅಲ್ಲೇ ಬಿಟ್ಟು ಓಡುತ್ತಾನೆ. ಮುಂಜಾನೆ ಊರಿನವರೆಲ್ಲ ತಮ್ಮ ಒಡವೆ ವಾಪಸು ಸಿಕ್ಕಿತೆಂದು ಮುದುಕಿಯ ಕಾಲಿಗೆ ಬಿದ್ದು “ಏನು ಶಸ್ತ್ರ ಬಳಸಿದಿರಿ ಅಮ್ಮಾ?” ಎಂದು ಕೇಳುತ್ತಾರೆ. ಆ ಸದ್ದನ್ನು ಅಕ್ಕ ಬಾಯಿಯಲ್ಲಿ ತೆಗೆದ ರೀತಿಗೆ, ಸದ್ದಾಗದಂತೆ ಕಾಯಬೇಕಿದ್ದ ಭಾವ ಬಾಗಿಲಾಚೆ ಗಹಗಹಿಸಿ ನಕ್ಕರು. ಮತ್ತೆ ಮೊದಲಿನಿಂದ ಹೇಳಿಸಬೇಕಾಯಿತು.

ಕಥೆ ಕೈಗೆ ಬಂತು, ಇನ್ನು ಇಂಟರ್‌ನೆಟ್ಟಿಗೆ ಏರಿಸಿದರಾಯಿತು ಎಂದುಕೊಂಡೆ. ಅಲ್ಲಿಂದ ನನ್ನ ಸಿಟ್ಟು ಶುರು. ಪಾಡ್‌ಕಾಸ್ಟಿನ ಆ್ಯಪುಗಳು ನಮ್ಮ ಧ್ವನಿಯನ್ನು ನೇರವಾಗಿ ಇಸಿದುಕೊಳ್ಳುವುದಿಲ್ಲ. ಅವಕ್ಕೆ ಫೀಡ್ ಫೈಲು ಎಂಬುದೊಂದು ಬೇಕು. ಕಥೆಯ ಹೆಸರೇನು, ಹೇಳಿದವರು ಯಾರು, ಚಿತ್ರ ಎಲ್ಲಿದೆ, ಧ್ವನಿ ಎಲ್ಲಿದೆ, ಇದನ್ನೆಲ್ಲ ಅದರದೇ ಶಿಸ್ತಿನಲ್ಲಿ ಸಾಲುಸಾಲಾಗಿ ಬರೆದ ಒಂದು ಫೈಲು. ಅದನ್ನು ಯಾವುದಾದರೂ ವೆಬ್‌ಸೈಟಿನಲ್ಲಿ ಇಟ್ಟು ವಿಳಾಸ ಕೊಟ್ಟರೆ ಆ್ಯಪುಗಳು ಆಗಾಗ ಬಂದು ಇಣುಕಿ, ಹೊಸತೇನಾದರೂ ಇದ್ದರೆ ಎತ್ತಿಕೊಂಡು ಹೋಗುತ್ತವೆ. ಕೇಳಲು ಸುಲಭ. ಆದರೆ ಒಂದು ಗೆರೆ ಓರೆಯಾದರೆ ಇಡೀ ಫೈಲೇ ತಿರಸ್ಕೃತ. ತಾರೀಖನ್ನು ನಾವು ಬರೆಯುವಂತೆ ಬರೆದರೆ ಒಲ್ಲದು. ಚಿತ್ರ ಚೌಕವಾಗಿರಬೇಕು. ಕಥೆ ಯಾವ ವರ್ಗಕ್ಕೆ ಸೇರಿದ್ದು ಎಂದು ಅವರ ಪಟ್ಟಿಯಿಂದಲೇ ಆರಿಸಬೇಕು. ಆ ಪಟ್ಟಿಯಲ್ಲಿ ಷೇರು ವ್ಯಾಪಾರಕ್ಕೆ ಜಾಗ ಇದೆ, ಗಾಲ್ಫ್ ಆಟಕ್ಕೆ ಜಾಗ ಇದೆ, ‘ಅಜ್ಜಿ ಹೇಳುವ ಕಥೆ’ಗೆ ಇಲ್ಲ. ಭೂಮಿಯ ಮೇಲೆ ಮೊದಲು ಶುರುವಾದ ಕಾರ್ಯಕ್ರಮವೇ ಅದು!

ಇದನ್ನೆಲ್ಲ ಹೇಗೋ ನುಂಗಿಕೊಂಡೆ. ನಾನು ಎಡವಿದ್ದು ಇನ್ನೊಂದು ಸಾಲಿನಲ್ಲಿ. ಫೈಲಿನೊಳಗೆ ಮಾಲೀಕರ ಇ-ಮೇಲ್ ವಿಳಾಸ ಬರೆಯಬೇಕಿತ್ತು, ಅದು ಲೋಕಕ್ಕೆಲ್ಲ ಕಾಣುತ್ತದೆಂದು ಎಲ್ಲೋ ಓದಿದೆ. ಅಷ್ಟು ಸಾಕಾಯಿತು ನನಗೆ. ಕೈಯಲ್ಲಿ ಮೌಸು ಹಿಡಿದವನು ಹಿಡಿದಂತೆಯೇ ಕೂತುಬಿಟ್ಟೆ. ಯಾರೋ ನನ್ನ ಹೆಸರಿನಲ್ಲಿ ಸಾಲ ತೆಗೆಯುತ್ತಾರೆ, ನಾನು ಪರವಾನಗಿ ಇಲ್ಲದೆ ಪ್ರಸಾರ ಮಾಡಿದೆನೆಂದು ಆಫೀಸಿಗೆ ಪತ್ರ ಬರುತ್ತದೆ, ನಿವೃತ್ತಿಯ ಹೊಸ್ತಿಲಲ್ಲಿ ವಿಚಾರಣೆ.

ಹೆಂಡತಿ ಕೇಳಿ ನಕ್ಕಳು. “ನಿಮ್ಮ ಇ-ಮೇಲ್ ಯಾರಿಗ ಬೇಕಾಗೇದರೀ? ಸ್ವಂತ ಮಕ್ಕಳ ಬರಿಯೂದಿಲ್ಲ ನಿಮಗ, ಇನ್ನ ಕಳ್ಳರು ಬರೀತಾರ?”

ಆದರೂ ಧೈರ್ಯ ಬರಲಿಲ್ಲ. ಇಲ್ಲಿಯ ಒಂದು ಕನ್ನಡ ಸಂಘಕ್ಕೆ ನಾನು ಜಂಟಿ ಕಾರ್ಯದರ್ಶಿ. ಒಂದು ವಾರ್ಷಿಕ ಸಭೆಗೆ ಗೈರುಹಾಜರಾದ ತಪ್ಪಿಗೆ ನನ್ನನ್ನು ಅವಿರೋಧವಾಗಿ ಆರಿಸಿದ್ದರು. ಯಾರೂ ನೋಡದ ಸಂಘದ ವೆಬ್‌ಸೈಟು ನನ್ನ ಉಸ್ತುವಾರಿಯಲ್ಲೇ ಇತ್ತು. ಅದರಲ್ಲಿ ಫೈಲು ಇಟ್ಟೆ, ಮಾಲೀಕರ ಸಾಲಿನಲ್ಲಿ ಸಂಘದ ಇ-ಮೇಲ್ ಬರೆದೆ. ಬಹಳ ಜಾಣತನ ಮಾಡಿದೆನೆಂದು ಆ ದಿನ ಊಟಕ್ಕೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಆ್ಯಪಿನವರು, ಫೀಡು ನಿಮ್ಮದೇ ಹೌದೋ ಎಂದು ಖಾತ್ರಿ ಮಾಡಿಕೊಳ್ಳಲು ಮಾಲೀಕರ ಇ-ಮೇಲಿಗೆ ಒಂದು ಸಂಖ್ಯೆ ಕಳಿಸುತ್ತಾರೆ. ಸಂಘದ ಇ-ಮೇಲ್ ತೆರೆಯುವ ಅಧಿಕಾರ ಕಾರ್ಯದರ್ಶಿಗೆ ಮಾತ್ರ. ಅವರು ಕರಾವಳಿಯವರು, ನಿಯಮ ಎಂದರೆ ಪ್ರಾಣ. ನಾನು ಸಂಖ್ಯೆ ಕೇಳಿದ್ದಕ್ಕೆ ಬಂದ ಉತ್ತರ ಇದು:

“ಹಾಗೆ ಕೊಡ್ಲಿಕ್ಕಾಗ್ತದಾ ಮಾರಾಯ್ರೇ? ಸಂಘದ ಮೇಲಿಗೆ ಬಂದದ್ದು ಸಂಘದ ವಿಷಯ. ಭಾನುವಾರ ಕಮಿಟಿಯಲ್ಲಿ ಇಡುವ.”

ಭಾನುವಾರ ಚಾಂದ್‌ಖೇಡಾದ ಅಧ್ಯಕ್ಷರ ಮನೆಯಲ್ಲಿ ಕಮಿಟಿ ಸೇರಿತು. ಸ್ವಾಗತ ಆಯಿತು, ಪ್ರಾರ್ಥನೆ ಆಯಿತು, ಖಮಣ ಬಂತು. ಆಮೇಲೆ ಅಕ್ಕನ ಕಥೆಯನ್ನು ಸ್ಪೀಕರಿಗೆ ಹಚ್ಚಿದರು. ಕಳ್ಳ ಗಡಿಗೆಗೆ ಕೈ ಹಾಕಿದ. ಮುದುಕಿಯ ಸದ್ದು ಆ ದೊಡ್ಡ ಸ್ಪೀಕರಿನಲ್ಲಿ ಹಾಲಿನ ತುಂಬ ಮೊಳಗಿತು. ಅಡುಗೆಮನೆಯಲ್ಲಿ ಅಧ್ಯಕ್ಷರ ಹೆಂಡತಿ ಕಿಸಕ್ಕನೆ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಹಾಲಿನಲ್ಲಿ ಒಬ್ಬರೂ ನಗಲಿಲ್ಲ. ಒಬ್ಬರು ಕನ್ನಡಕ ಒರೆಸಿಕೊಂಡರು.

ಅಧ್ಯಕ್ಷರು ಮೈಸೂರಿನವರು, ಮೆತ್ತಗೆ ಮಾತಾಡುವವರು. “ಕಥೆ ಚೆನ್ನಾಗಿದೆ ಸಾರ್. ನಿಮ್ಮ ಅಕ್ಕಾವ್ರು ತುಂಬಾ ಚೆನ್ನಾಗ್ ಹೇಳಿದಾರೆ. ಆದ್ರೆ ಆ ಒಂದ್ ಪದ... ಸಂಘದ ಹೆಸರಲ್ಲಿ...”

“ಪದಕ್ಕಿಂತ ಸೌಂಡ್ ಮಾರಾಯ್ರೇ,” ಎಂದರು ಕಾರ್ಯದರ್ಶಿ. “ಸೌಂಡ್ ತೆಗೆದು, ‘ಅಜ್ಜಿಯಿಂದ ಅಪಾನವಾಯು ಹೊರಟಿತು’ ಅಂತ ಗೌರವದಲ್ಲಿ ಹೇಳಿಸ್ಲಿಕ್ಕಾಗುದಿಲ್ವಾ?”

“ಅಪಾನವಾಯುವಿಗೆ ಯಾವ ಕಳ್ಳನೂ ಹೆದರೋದಿಲ್ಲ,” ಎಂದೆ.

ಅದು ಆ ಸಭೆಯಲ್ಲಿ ನಾನು ತೋರಿಸಿದ ಕೊನೆಯ ಶೌರ್ಯ. ಆಮೇಲಿನದೆಲ್ಲ ಸಂಘದ ಪದ್ಧತಿಯಂತೆ ನಡೆಯಿತು. ಸಂಘದಲ್ಲಿ ಯಾವ ಕಾರ್ಯಕ್ರಮವೂ ಸ್ವಾಗತ ಭಾಷಣವಿಲ್ಲದೆ ಶುರುವಾಗುವುದಿಲ್ಲ, ವಂದನಾರ್ಪಣೆಯಿಲ್ಲದೆ ಮುಗಿಯುವುದಿಲ್ಲ. ಆದ್ದರಿಂದ ಕಥೆಯ ಮುಂದೆ ಅಧ್ಯಕ್ಷರ ಸ್ವಾಗತ, ಹಿಂದೆ ಕಾರ್ಯದರ್ಶಿಯವರ ವಂದನಾರ್ಪಣೆ. ವಂದನಾರ್ಪಣೆಯಲ್ಲಿ ಧ್ವನಿವರ್ಧಕದವರಿಗೆ ಕೂಡ ಕೃತಜ್ಞತೆ ಇತ್ತು. ಮುಖಚಿತ್ರವಾಗಿ ನಾನು ಇಟ್ಟಿದ್ದ, ಅಕ್ಕ ಬಾಯಿ ತುಂಬ ನಗುತ್ತಿದ್ದ ಫೋಟೋ ಹೋಗಿ, ಕಾರ್ಯಕಾರಿ ಸಮಿತಿಯವರೆಲ್ಲರ ಪಾಸ್‌ಪೋರ್ಟ್ ಫೋಟೋಗಳು ಆ ಚೌಕದೊಳಗೆ ಬಂದು ಕೂತವು. ಟ್ಯಾಬ್ಲೆಟ್ಟಿನಲ್ಲಿ ಅದು ಪೊಲೀಸ್ ಠಾಣೆಯ ಗೋಡೆಯಂತೆ ಕಾಣುತ್ತಿತ್ತು. ನನ್ನದೂ ಇತ್ತು, ನಡುವಿನ ಸಾಲಿನಲ್ಲಿ, ಸಿಕ್ಕಿಬಿದ್ದವನ ಮುಖ.

ಎಲ್ಲ ಮುಗಿಯಿತೆನ್ನುವಾಗ ಕಾರ್ಯದರ್ಶಿ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಸಾಲು ಕಂಡರು. ಇದರಲ್ಲಿ ಮಕ್ಕಳಿಗೆ ತಕ್ಕುದಲ್ಲದ್ದು ಇದೆಯೇ ಎಂದು ಫೀಡ್ ಫೈಲು ಕೇಳುತ್ತದೆ. ಹೌದು ಅಥವಾ ಇಲ್ಲ, ಎರಡೇ ಉತ್ತರ.

“ಹೌದು ಅಂತ ಹಾಕಿ. ಸೇಫ್ ಸೈಡ್.”

“ಇದು ಮಕ್ಕಳ ಕಥೆ,” ಎಂದೆ.

“ಇರ್ಲಿ ಸಾರ್,” ಎಂದರು ಅಧ್ಯಕ್ಷರು. “ನಾವೇ ಮೊದಲು ಹೇಳ್ಬಿಟ್ರೆ ನಾಳೆ ಯಾರೂ ನಮ್ಮನ್ನ ಕೇಳೋಹಾಗಿಲ್ಲ. ನೀವ್ ಬೇರೆ ಸರ್ಕಾರಿ ನೌಕರರು. ಕಂಪ್ಲೇಂಟು ಗಿಂಪ್ಲೇಂಟು ಬಂದ್ರೆ?”

ಆ ಕೊನೆಯ ಮಾತು ಸರಿಯಾದ ಜಾಗಕ್ಕೆ ತಾಗಿತು. ನನ್ನ ಭಯ ನನ್ನದೆಂದು ಗೊತ್ತಿದ್ದರೂ ಅದು ಇನ್ನೊಬ್ಬರ ಬಾಯಿಂದ ಬಂದರೆ ಜ್ಞಾನದಂತೆ ಕೇಳುತ್ತದೆ. ಹೌದು ಎಂದು ಟೈಪು ಮಾಡಿದೆ. ಖಾತ್ರಿಯ ಸಂಖ್ಯೆ ನನ್ನ ಕೈಗೆ ಬಂತು. ಕಥೆ ಲೋಕಾರ್ಪಣೆಯಾಯಿತು.

ಅಕ್ಕ ಸೂರತ್ತಿಗೆ ಕಟ್ಟಪ್ಪಣೆ ಮಾಡಿದ್ದಳು: ಸೊಸೆ ಟ್ಯಾಬ್ಲೆಟ್ಟಿನಲ್ಲಿ ಸೇರಿಸಬೇಕು ಅಷ್ಟೇ, ಹುಡುಗಿಗೆ ಯಾರೂ ಏನೂ ಹೇಳಕೂಡದು. ಮಾರನೆಯ ದಿನ ಸೊಸೆ ನನಗೆ ಫೋನು ಮಾಡಿದಳು.

“ಮಾಮಾ, ಟ್ಯಾಬ್ ಮೇ ಆತಾ ಹೀ ನಹೀ ಹೈ.” ಟ್ಯಾಬ್ಲೆಟ್ಟಿನಲ್ಲಿ ಎಷ್ಟು ಹುಡುಕಿದರೂ ಬರುತ್ತಿಲ್ಲವಂತೆ. ಅದರಲ್ಲಿ ಮಕ್ಕಳ ಬೀಗ ಇದೆ. ಅವಳ ಸ್ವಂತ ಫೋನಿನಲ್ಲಿ ಬರುತ್ತದೆ, ಆದರೆ ಕಥೆಯ ಹೆಸರಿನ ಪಕ್ಕದಲ್ಲಿ ವಯಸ್ಕರಿಗೆ ಮಾತ್ರ ಎಂಬ ಗುರುತು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಮಾಮಾ, ಮಮ್ಮೀಜಿ ನೇ ಐಸಾ ಕ್ಯಾ ಬೋಲ್ ದಿಯಾ?”

ಅತ್ತೆಯವರು ಅಂಥದ್ದೇನು ಹೇಳಿದ್ದಾರೆ! ಸೊಸೆಗೆ ಕನ್ನಡ ಬಾರದು, ಅವಳು ಗುರುತನ್ನಲ್ಲದೆ ಇನ್ನೇನನ್ನು ನಂಬಬೇಕು? ನನ್ನ ಅಕ್ಕ ಐವತ್ತು ಜನರ ಹಬ್ಬದಡುಗೆಯನ್ನು ಒಬ್ಬಳೇ ಮಾಡಿ ಎಲ್ಲರನ್ನೂ ನಗಿಸುತ್ತ ಬಡಿಸುವ ಹೆಂಗಸು. ಅವಳನ್ನು ನಾನು ಒಂದೇ ಪದ ಟೈಪು ಮಾಡಿ, ಮೊಮ್ಮಗಳು ಕೇಳಬಾರದ ಮಾತಿನವಳನ್ನಾಗಿ ಮಾಡಿ, ಅವಳ ಸೊಸೆಯ ಮುಂದೆ ನಿಲ್ಲಿಸಿದ್ದೆ.

ಅಕ್ಕನಿಂದ ಮುಚ್ಚಿಡಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡು ಫೋನನ್ನು ಕಿವಿಯಿಂದ ತುಸು ದೂರವೇ ಹಿಡಿದಿದ್ದೆ. ಆದರೆ ಬಂದದ್ದು ಸಣ್ಣ ದನಿ.

“ನಾ ಏನ್ ಹೊಲಸ ಹೇಳೀನೋ ತಮ್ಮಾ?”

“ಏನಿಲ್ಲಕ್ಕಾ.”

“ಆ ಡಬ್ಬಿಯೊಳಗ ಆ ಬಾಯಿ ಹೇಳಿದ ಕಥಿ ನಾನೂ ಕೇಳೀನಿ. ರಾಕ್ಷಸ ಊರ ಮಂದೀನ್ನ ಹುರಕೊಂಡು ತಿಂತಾನ. ಅದು ಮಕ್ಕಳಿಗ ನಡೀತದ. ನಮ್ಮ ಮುದುಕಿ ನಿದ್ದಿಗಣ್ಣಾಗ ಒಂದು ಹೂಸು ಬಿಟ್ರ ನಡಿಯೂದಿಲ್ಲ! ನಿಮ್ಮ ಕಮಿಟಿ ಗಂಡಸರೇನು ಹುಟ್ಟಿದಾಗಿಂದ ಬಿಗಿಹಿಡಕೊಂಡ ಕೂತಾರೇನು?” ದನಿ ಈಗ ಏರಿತ್ತು. ಫೋನು ಇನ್ನಷ್ಟು ದೂರ ಹಿಡಿದೆ. “ಅವರದ್ದಿರಲಿ. ನೀ ಯಾಕ ಸುಮ್ಮನ ಕೂತಿದ್ದಿ?”

ಕಂಪ್ಲೇಂಟು ಗಿಂಪ್ಲೇಂಟು ಬಂದರೆ ಎಂದು ಹೆದರಿದೆ ಅಂತ ಅಕ್ಕನಿಗೆ ಹೇಗೆ ಹೇಳುವುದು? ಯಾರು ಕೊಡುತ್ತಾರೆ ಕಂಪ್ಲೇಂಟು? ಕಳ್ಳನೇ?

ಆಫೀಸಿನಿಂದ ಬಂದವನು ಬೂಟು ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತೆ. ಕೂತಾಗ ಹೆದರಿಕೆ ಇತ್ತು, ನಿಜ. ಆದರೆ ಫೈಲು ತೆರೆದು ಆ ಸಾಲು ಕಂಡ ಕೂಡಲೇ ಹೆದರಿಕೆಯ ಜಾಗಕ್ಕೆ ಸಿಟ್ಟು ಬಂತು. ಹೌದು ಇದ್ದದ್ದನ್ನು ಇಲ್ಲ ಮಾಡಿದೆ. ಅಷ್ಟಕ್ಕೆ ಕೈ ನಿಲ್ಲಲಿಲ್ಲ. ಸ್ವಾಗತ ಕತ್ತರಿಸಿದೆ, ವಂದನಾರ್ಪಣೆ ಕತ್ತರಿಸಿದೆ, ಪಾಸ್‌ಪೋರ್ಟ್ ಫೋಟೋಗಳನ್ನೆಲ್ಲ, ನನ್ನದನ್ನೂ ಸೇರಿಸಿ, ತೆಗೆದುಹಾಕಿ ಅಕ್ಕನ ನಗುವ ಫೋಟೋ ಇಟ್ಟೆ. ಹೇಳಿದವರು ಎಂಬಲ್ಲಿ ಸಂಘದ ಹೆಸರು ಅಳಿಸಿ ಅಕ್ಕನ ಹೆಸರು ಬರೆದೆ. ಮಾಲೀಕರ ಇ-ಮೇಲ್ ಎಂಬಲ್ಲಿ ನನ್ನದೇ ಬರೆದೆ. ಬರೆದ ಮೇಲೆ ಎದ್ದುಹೋಗಿ ನೀರು ಕುಡಿದೆ.

ಎರಡು ದಿನದಲ್ಲಿ, ವೆಬ್‌ಸೈಟಿನಲ್ಲಿ ಫೈಲು ನೋಡಿದ ಕಾರ್ಯದರ್ಶಿಯ ಫೋನು ಬಂತು.

“ಏನು ಮಾರಾಯ್ರೇ ಇದು? ಕಮಿಟಿಯ ಠರಾವನ್ನು ನೀವೊಬ್ಬರೇ ಬದಲಿಸುದಾ? ಅಧ್ಯಕ್ಷರು ಬೇಸರ ಮಾಡಿಕೊಂಡಿದ್ದಾರೆ. ಅವರ ಫೋಟೋ ಕೂಡ ಇಲ್ಲ!”

“ಮಕ್ಕಳ ಕಥೆಯನ್ನ ಮಕ್ಕಳಿಂದ ಮುಚ್ಚಿಟ್ಟಿರಲ್ಲ, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ,” ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. “ನಮ್ಮ ಮಕ್ಕಳು ಕನ್ನಡ ಮಾತಾಡೋದಿಲ್ಲ ಅಂತ ಪ್ರತಿ ನವೆಂಬರಿನಲ್ಲಿ ವೇದಿಕೆ ಹತ್ತಿ ಅಳ್ತೀವಿ. ಒಬ್ಬ ಅಜ್ಜಿ ಒಂದು ಕಥೆ ಹೇಳಿದರೆ ಅದಕ್ಕೆ ಬೀಗ ಹಾಕ್ತೀವಿ. ಮಕ್ಕಳಿಗೆ ಕೇಳಿಸಬಾರದ್ದು ಏನಾದರೂ ಇದ್ದರೆ ಅದು ನಮ್ಮ ವಂದನಾರ್ಪಣೆ!”

“ಹಾಗೆಲ್ಲ ಮಾತಾಡಿದ್ರೆ ಹೇಗೆ?”

“ಹೇಗೂ ಇಲ್ಲ. ರಾಜೀನಾಮೆ ಕಳಿಸ್ತೀನಿ. ವೆಬ್‌ಸೈಟಿನ ಪಾಸ್‌ವರ್ಡು, ಈ ಫೈಲು, ಎಲ್ಲ ನಿಮಗೇ ಒಪ್ಪಿಸ್ತೀನಿ. ಅಕ್ಕನ ಕಥೆಗೆ ಬೇರೆ ಜಾಗ ನೋಡ್ಕೋತೀನಿ.”

ಜಂಟಿ ಕಾರ್ಯದರ್ಶಿಯ ಹುದ್ದೆಗೆ ಇನ್ನೊಬ್ಬನನ್ನು ಹಿಡಿಯಬೇಕಾದರೆ ಎಷ್ಟು ಜನರ ಮನೆಬಾಗಿಲು ತಟ್ಟಬೇಕೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

“ಅಷ್ಟೆಲ್ಲ ಬೇಡ,” ಎಂದರು ಕೊನೆಗೆ. “ಇರ್ಲಿ ಬಿಡಿ. ಅಧ್ಯಕ್ಷರಿಗೆ ನಾನು ಹೇಳ್ತೇನೆ. ಆದ್ರೆ ವಂದನಾರ್ಪಣೆ ಸಣ್ಣದು, ಎರಡೇ ವಾಕ್ಯ...”

“ಇಲ್ಲ.”

ಫೋನು ಇಟ್ಟು ತಿರುಗಿದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ನೀವಽ ಮಾತಾಡಿದ್ರೇನು? ನಾ ಟೀವಿ ಅಂತ ತಿಳದಿದ್ದೆ,” ಎಂದಳು.

ಗೆದ್ದೆನೆಂದು ಹಿಗ್ಗುವಂತಿರಲಿಲ್ಲ. ಫೈಲು ಬದಲಾದದ್ದು ಆ್ಯಪಿಗೆ ಗೊತ್ತಾಗುವುದು ಅದಕ್ಕೆ ಮನಸ್ಸು ಬಂದಾಗ. ಸೂರತ್ತಿನ ಟ್ಯಾಬ್ಲೆಟ್ಟಿನಲ್ಲಿ ಅಕ್ಕ ಬರಲಿಲ್ಲ, ಬರಲಿಲ್ಲ, ಒಂದು ಬೆಳಿಗ್ಗೆ ಬಂದಳು. ಸೊಸೆ ಅದರ ಚಿತ್ರ ಕಳಿಸಿದಳು: ಕರಡಿ, ರಾಕೆಟ್ಟು, ನೀಲಿ ಆನೆ, ಅವುಗಳ ನಡುವೆ ನನ್ನ ಅಕ್ಕ, ನಗುತ್ತ. ಆದರೆ ಹುಡುಗಿ ಮುಟ್ಟಬೇಕಲ್ಲ? ಒಂದು ಸಂಜೆ ನೀಲಿ ಆನೆ. ಮರುದಿನ ಕರಡಿ. “ಕೂಸಿಗೆ ಏನೂ ಹೇಳಬ್ಯಾಡ್ರಿ,” ಎಂದು ಅಕ್ಕ ಮತ್ತೆ ಮತ್ತೆ ಎಚ್ಚರಿಸಿದಳು, ಆದರೆ ಆ ದಿನಗಳಲ್ಲಿ ಅವಳ ದನಿಯಲ್ಲಿ ಉಪ್ಪು ಕಡಿಮೆಯಾಗಿತ್ತು. ನಾನಂತೂ ಆ ನೀಲಿ ಆನೆಯ ಮೇಲೆ ವೈರ ಕಟ್ಟಿಕೊಂಡೆ.

ಆಮೇಲೊಂದು ಸಂಜೆ ಸೊಸೆಯ ಫೋನು ಬಂತು. ನಗುವಿನಲ್ಲಿ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಹುಡುಗಿ “ಅರೇ, ಆ ತೋ ಅಜ್ಜಿ ಛೇ!” ಎಂದು ತಾನಾಗಿಯೇ ಮುಟ್ಟಿದಳಂತೆ, ಇದು ಅಜ್ಜಿಯಲ್ಲವೇ ಎಂದು. ಕೇಳಿದಳಂತೆ. ಆ ಸದ್ದಿಗೆ ಸೋಫಾದಿಂದ ಕೆಳಗೆ ಉರುಳಿ ಬಿದ್ದು ನಕ್ಕಳಂತೆ. ಮತ್ತೆ ಹಚ್ಚಿದಳಂತೆ. ಮತ್ತೆ ಹಚ್ಚಿದವಳು ನಗುವುದನ್ನು ನಿಲ್ಲಿಸಿ ಗಂಭೀರಳಾಗಿ, ಅಜ್ಜಿಗೆ ಫೋನು ಹಚ್ಚಿಕೊಡು, ಕಥೆ ತಪ್ಪಿದೆ ಎಂದಳಂತೆ. ಕಳ್ಳನನ್ನು ಯಾಕೆ ಹಿಡಿಯಲಿಲ್ಲ? ಪೊಲೀಸರು ಯಾಕೆ ಬರಲಿಲ್ಲ? ಮುದುಕಿ ಎದ್ದಳೋ ಇಲ್ಲವೋ? ಇದನ್ನೆಲ್ಲ ಅಜ್ಜಿಯೇ ಹೇಳಬೇಕು, ಈಗಲೇ.

“ಅಭೀ ಭೀ ಝಗಡ್ ರಹೀ ಹೈ, ಮಾಮಾ,” ಎಂದಳು ಸೊಸೆ, ಇನ್ನೂ ಜಗಳವಾಡುತ್ತಿದ್ದಾಳೆ ಎಂದು. ಅವಳ ಹಿಂದೆ ಹುಡುಗಿಯ ದನಿ ಕೇಳುತ್ತಿತ್ತು. ತನ್ನಪ್ಪನ ಫೋನಿನಲ್ಲಿ ಕೂಗುತ್ತಿದ್ದಳು: “ಅಜ್ಜಿ, ಬ್ಯಾಡ! ಕಳ್ಳ ಹಂಗ ಹೋಗಾ ಬ್ಯಾಡ! ಪೊಲೀಸ್ ಬಾ!”

ನಾನು ತಕ್ಷಣ ಅಕ್ಕನಿಗೆ ಫೋನು ಮಾಡಿದೆ. ಚಂದಾದಾರರು ಬೇರೆ ಕರೆಯಲ್ಲಿದ್ದಾರೆ ಎಂದು ಒಬ್ಬ ಹೆಂಗಸು ಗುಜರಾತಿಯಲ್ಲಿ ಹೇಳಿದಳು. ಸ್ವಲ್ಪ ಬಿಟ್ಟು ಮಾಡಿದೆ. ಅದೇ ಹೆಂಗಸು. ಚಹಾ ಕುಡಿದು ಮಾಡಿದೆ. ಅದೇ. ಭಾವನಿಗೆ ಮಾಡಿದರೆ ಅವರು, “ನಿಮ್ಮಕ್ಕ ಅಡಗಿಮನಿಯೊಳಗ ಹೋಗಿ ಬಾಗಲಾ ಹಾಕ್ಕೊಂಡಾಳಪಾ. ನಾನಽ ಹಸಗೊಂಡ ಕೂತೀನಿ, ನೀ ಸರತಿಯೊಳಗ ನಿಂದ್ರು,” ಎಂದು ಇಟ್ಟುಬಿಟ್ಟರು.

ಇಷ್ಟೆಲ್ಲ ಓಡಾಡಿ, ಕಮಿಟಿಯವರ ವೈರ ಕಟ್ಟಿಕೊಂಡು, ನನ್ನ ಇ-ಮೇಲನ್ನು ಲೋಕದ ಮುಂದೆ ಬಿಚ್ಚಿಟ್ಟವನಿಗೆ ಒಂದು ನಿಮಿಷದ ಮಾತು ಸಿಗಲಿಲ್ಲ. ಅನ್ಯಾಯವಲ್ಲವೇ? ಹೆಂಡತಿ ಊಟಕ್ಕೆ ಕರೆದಳು. ತಟ್ಟೆಯ ಪಕ್ಕ ಫೋನು ಇಟ್ಟುಕೊಂಡು, ಸಾರು ಕಲಸುತ್ತ, ಇನ್ನೊಮ್ಮೆ ಒತ್ತಿದೆ. ಅಕ್ಕ ಇನ್ನೂ ಮಾತಾಡುತ್ತಲೇ ಇದ್ದಳು.